ಹೆಸರಿಟ್ಟವರು ಹೋದರು, ಬಾಟಲಿ ಹೋಯ್ತು, ಕಪ್ಪೆ ಉಳೀತು

ಮಲೆನಾಡಿನ ಕಪ್ಪೆಗಳನ್ನು ಹುಡುಕಿ, ಹೆಸರಿಟ್ಟು, ಬೆಂಗಳೂರಿನಲ್ಲಿ ಕೂಡಿಟ್ಟವರು ಪ್ರೊ. ಸಿ.ಆರ್. ನಾರಾಯಣರಾವ್. ಆ ಸಂಗ್ರಹ ಈಗ ಇಲ್ಲ. ಆದರೂ ಅವರ ಕಪ್ಪೆಗಳು ಎಷ್ಟೋ ದಶಕಗಳ ನಂತರ ಮತ್ತೆ ಸಿಕ್ಕವು. ಅದಕ್ಕೆ ಕಾರಣವಾದ ಅವರ ಒಂದು ಸಣ್ಣ ಅಭ್ಯಾಸ ಇವತ್ತು ನಮ್ಮ ಟೆಕ್ ಪಾರ್ಕ್ ಪಕ್ಕದ ಕುಂಟೆಗೂ ಬೇಕಾಗಿದೆ.

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ವೈಟ್‌ಫೀಲ್ಡ್‌ನಲ್ಲೋ, ಎಲೆಕ್ಟ್ರಾನಿಕ್ ಸಿಟಿಯಲ್ಲೋ, ಪೀಣ್ಯದಲ್ಲೋ ಒಂದು ಖಾಲಿ ಸೈಟಿನ ಪಕ್ಕ ಎರಡು ನಿಮಿಷ ನಿಂತು ನೋಡಿ. ನೀರು ನಿಂತ ಕಡೆಯಿಂದ ಕಪ್ಪೆಗಳ ಸದ್ದು ಶುರುವಾಗಿರುತ್ತೆ. ಕೆಲವರಿಗೆ ಅದು ಊರಿನ ನೆನಪು. ಇನ್ನು ಕೆಲವರಿಗೆ ಲೇಟ್ ನೈಟ್ ಕಾಲ್ ಮಧ್ಯೆ ಮೈಕ್ ಮ್ಯೂಟ್ ಮಾಡಬೇಕಾದ ಕಿರಿಕಿರಿ. ಆದರೆ ಅದು ಯಾವ ಕಪ್ಪೆ ಅಂತ ಕೇಳಿದರೆ? "ಯಾವುದು ಅಂದ್ರೆ? ಕಪ್ಪೆ, ಅಷ್ಟೇ" ಅನ್ನೋದೇ ಹೆಚ್ಚಿನವರ ಉತ್ತರ.

ನೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಒಬ್ಬ ಮೇಷ್ಟ್ರು ಆ ಉತ್ತರವನ್ನು ಒಪ್ಪಲಿಲ್ಲ. ಯಾವ ಕಪ್ಪೆ, ಯಾವ ಊರಿನದು, ಎಂಥಾ ಜಾಗದಲ್ಲಿ ಕೂರುತ್ತೆ, ಅದರ ಮರಿ ಹೇಗಿರುತ್ತೆ ಎಂದು ಕೇಳುತ್ತಲೇ ಜೀವನ ಕಳೆದರು. ಇವತ್ತು 70ಕ್ಕೂ ಹೆಚ್ಚು ಜಾತಿಯ ಪುಟ್ಟ ಪೊದೆಗಪ್ಪೆಗಳ ವೈಜ್ಞಾನಿಕ ಹೆಸರು ಶುರುವಾಗುವುದೇ ಅವರ ಹೆಸರಿನಿಂದ. ಆದರೂ ಬೆಂಗಳೂರಿನಲ್ಲಿ ಅವರನ್ನು ಬಲ್ಲವರು ಕಡಿಮೆ.

ಸೆಂಟ್ರಲ್ ಕಾಲೇಜಿನ ಕಪ್ಪೆ ಮೇಷ್ಟ್ರು

ವೈಟ್‌ಫೀಲ್ಡ್‌ನಿಂದ ಮೆಟ್ರೋದ ನೇರಳೆ ಮಾರ್ಗ ಹತ್ತಿ ಮೆಜೆಸ್ಟಿಕ್ ಕಡೆ ಹೋಗುವವರಿಗೆ ವಿಧಾನಸೌಧ ದಾಟಿದ ಕೂಡಲೇ ಸಿಗುವ ಸ್ಟೇಷನ್ ಸರ್ ಎಂ. ವಿಶ್ವೇಶ್ವರಯ್ಯ, ಸೆಂಟ್ರಲ್ ಕಾಲೇಜು. ದಿನವೂ ಕಿವಿಗೆ ಬೀಳುವ ಹೆಸರು. 1858ರಲ್ಲಿ ಹೈಸ್ಕೂಲಾಗಿ ಶುರುವಾದ ಈ ಸಂಸ್ಥೆ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ವಿಜ್ಞಾನದ ಕೇಂದ್ರವಾಯಿತು. ಇಲ್ಲಿಯ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದವರು ನಾರಾಯಣರಾವ್.

ಅವರು ಹುಟ್ಟಿದ್ದು 1882ರಲ್ಲಿ, ಕೊಯಮತ್ತೂರಿನಲ್ಲಿ. ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಆಗ ನಮ್ಮ ದೇಶದ ಪ್ರಾಣಿಗಳ ಬಗ್ಗೆ ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಬ್ರಿಟಿಷ್ ಅಧಿಕಾರಿಗಳು, ಮಿಲಿಟರಿ ಡಾಕ್ಟರುಗಳು, ಕಾಫಿ ಪ್ಲಾಂಟರುಗಳು. ಅವರು ಹಿಡಿದ ಪ್ರಾಣಿಗಳಲ್ಲಿ ಎಷ್ಟೋ ಹಡಗು ಹತ್ತಿ ಲಂಡನ್ನಿನ ಮ್ಯೂಸಿಯಂಗೆ ಹೋಗುತ್ತಿದ್ದವು, ಹೆಸರಿಡುವ ಕೆಲಸ ಅಲ್ಲೇ ಆಗುತ್ತಿತ್ತು. ಅಂಥಾ ಕಾಲದಲ್ಲಿ ಕಪ್ಪೆಗಳ ಅಧ್ಯಯನವನ್ನೇ ಜೀವನದ ಕೆಲಸ ಮಾಡಿಕೊಂಡ ಮೊದಲ ಭಾರತೀಯರ ಸಾಲಿನಲ್ಲಿ ರಾವ್ ನಿಲ್ಲುತ್ತಾರೆ.

ಅವರ ಆರಂಭದ ಕೆಲಸದ ಒಂದು ಭಾಗ ಗೊದಮೊಟ್ಟೆಗಳ ಬಗ್ಗೆ. ಚಿಕ್ಕವರಿದ್ದಾಗ ಮೀನುಮರಿ ಅಂದುಕೊಂಡು ನಾವೆಲ್ಲ ಬಾಟಲಿಗೆ ತುಂಬಿಕೊಂಡು ಬರುತ್ತಿದ್ದೆವಲ್ಲ, ಅದೇ. ನೋಡೋಕೆ ಎಲ್ಲವೂ ಒಂದೇ ಥರ, ಕಪ್ಪು ತಲೆ ಮತ್ತು ಬಾಲ. ಆದರೆ ಭೂತಗನ್ನಡಿ ಹಿಡಿದು ಬಾಯಿ ನೋಡಿದರೆ ಗುಟ್ಟು ಗೊತ್ತಾಗುತ್ತೆ. ಕೆಲವಕ್ಕೆ ಬಾಯಿಯ ಸುತ್ತ ಸಣ್ಣ ಹಲ್ಲುಗಳ ಸಾಲು, ಪಾಚಿ ಕೆರೆಯೋಕೆ. ಜೋರಾಗಿ ಹರಿಯುವ ಹಳ್ಳದಲ್ಲಿ ಬೆಳೆಯುವ ಕೆಲವಕ್ಕೆ ಬಂಡೆಗೆ ಅಂಟಿಕೊಳ್ಳುವ ಬಾಯಿ. ಇನ್ನು ಕೆಲವು ಗಾಜಿನಂತೆ ಪಾರದರ್ಶಕ. ಹಲ್ಲೇ ಇಲ್ಲ, ನೀರನ್ನು ಸೋಸಿಕೊಂಡೇ ಬದುಕುತ್ತವೆ. ಬಯಲುಸೀಮೆಯ ಕಪ್ಪೆಗಳ ಗೊದಮೊಟ್ಟೆಗಳನ್ನು ಗುರುತಿಸುವುದು ಹೇಗೆ ಎಂದು ರಾವ್ 1918ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಪತ್ರಿಕೆಯಲ್ಲಿ ಪ್ರಬಂಧ ಬರೆದರು. ಜೊತೆಗೆ ಬರೆದವರು ನೆಲ್ಸನ್ ಅನಂಡೇಲ್, ಅಂದರೆ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರು.

ನೀರ್‌ದೋಸೆ ದಾರಿಯ ಕಪ್ಪೆಗಳು

ರಾವ್ ಹೆಸರಿಟ್ಟ ಕಪ್ಪೆಗಳ ಪಟ್ಟಿ ಓದಿದರೆ ನಮ್ಮ ವೀಕೆಂಡ್ ಟ್ರಿಪ್‌ನ ಮ್ಯಾಪ್ ಓದಿದ ಹಾಗಿರುತ್ತೆ. ಧರ್ಮಸ್ಥಳಕ್ಕೆ ಚಾರ್ಮಾಡಿ ಮೇಲೆ ಹೋಗುವವರು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ಗಾಡಿ ನಿಲ್ಲಿಸುತ್ತಾರಲ್ಲ, ಆ ಊರಿನ ಹೆಸರಲ್ಲಿ ಒಂದು ಕಪ್ಪೆ ಇದೆ: ಮಿಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಅದನ್ನು 1937ರಲ್ಲಿ ಲೋಕಕ್ಕೆ ಪರಿಚಯಿಸಿದವರು ರಾವ್. ಇದು ಕುಣಿಯುವ ಕಪ್ಪೆಗಳ ಗುಂಪಿಗೆ ಸೇರಿದ್ದು. ಹಳ್ಳದ ಭೋರ್ಗರೆತದಲ್ಲಿ ಕೂಗಿದರೆ ಕೇಳಿಸೋದು ಕಷ್ಟ; ಅದಕ್ಕೇ ಗಂಡು ಬಂಡೆ ಮೇಲೆ ಕೂತು ಹಿಂಗಾಲನ್ನು ಚಾಚಿ, ಬಾವುಟ ಬೀಸಿದ ಹಾಗೆ ಬೀಸುತ್ತೆ. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಇದೇ ಕೊಟ್ಟಿಗೆಹಾರದಲ್ಲಿ.

ಮಂಗಳೂರಿಗೆ ಶಿರಾಡಿ ಘಾಟಿ ಇಳಿಯುವಾಗ ರಸ್ತೆಯ ಜೊತೆಗೇ ಹರಿಯುವ ಕೆಂಪುಹೊಳೆಯ ಹೆಸರಲ್ಲೂ ಒಂದಿದೆ, ನಿಕ್ಟಿಬಾಟ್ರಾಕಸ್ ಕೆಂಪೊಳೆಯೆನ್ಸಿಸ್. ಇದು ಇರುಳುಗಪ್ಪೆ. ಸಕಲೇಶಪುರದಿಂದ ಇನ್ನೊಂದು, ಶಿವಮೊಗ್ಗದ ಜೋಗದಿಂದ ಮತ್ತೊಂದು. ಈ ಜೋಗದ ಕಪ್ಪೆಗೆ ಅವರು 1922ರಲ್ಲಿ ಇಟ್ಟ ಹೆಸರಿನಲ್ಲಿ ಮೈಸೂರು ಇದೆ. ಕೊಡಗಿನ ಬ್ರಹ್ಮಗಿರಿಯಲ್ಲಿ, ಕಾವೇರಿ ಹುಟ್ಟುವ ಸೀಮೆಯ ಜೌಗಿನಲ್ಲಿ ಸಿಕ್ಕ ಕಪ್ಪೆಗೆ 1920ರಲ್ಲಿ ಅವರು ಕೊಟ್ಟ ಹೆಸರು ಸ್ಯಾಂಕ್ಟಿಪಲುಸ್ಟ್ರಿಸ್. ಲ್ಯಾಟಿನ್ ಪದ, ಪವಿತ್ರ ಜೌಗಿನದು ಎಂದು ಅರ್ಥ. ತೀರ್ಥಕ್ಕೆ ಕೈಮುಗಿಯುವವರ ಭಾವ ಕಪ್ಪೆಯ ಹೆಸರಿನಲ್ಲೇ ಸೇರಿಹೋಗಿದೆ.

ಆ ಕಾಲದ ಮಲೆನಾಡು ಅಂದರೆ ಇವತ್ತಿನ ಹೋಂಸ್ಟೇ ಮಲೆನಾಡು ಅಲ್ಲ. ಸಕಲೇಶಪುರದ ಘಟ್ಟದಲ್ಲಿ ರೈಲೇ ಇರಲಿಲ್ಲ. ಮಲೇರಿಯಾಕ್ಕೆ ಹೆದರಿ ಬಯಲುಸೀಮೆಯವರು ಆ ಕಡೆ ನೌಕರಿಗೆ ಹೋಗೋಕೂ ಹಿಂಜರಿಯುತ್ತಿದ್ದರು. ಕಪ್ಪೆ ಸಿಗುವುದು ಮಳೆಗಾಲದಲ್ಲಿ, ಅದೂ ಕತ್ತಲಾದ ಮೇಲೆ, ಜಿಗಣೆ ತುಂಬಿದ ಹಳ್ಳದ ದಂಡೆಯಲ್ಲಿ. ಇಂಥಾ ಜಾಗಗಳ ಕಪ್ಪೆಗಳನ್ನೆಲ್ಲ ಸೇರಿಸಿ ರಾವ್ 1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಸುಮಾರು 40 ಪುಟಗಳ ಪ್ರಬಂಧ ಪ್ರಕಟಿಸಿದರು. ಆಗ ಅವರಿಗೆ 55ರ ವಯಸ್ಸು. ದಕ್ಷಿಣ ಭಾರತದ ಕಪ್ಪೆಗಳ ಮೇಲೆ ಕೆಲಸ ಮಾಡುವವರು ಇವತ್ತಿಗೂ ಆ ಪ್ರಬಂಧ ದಾಟಿ ಹೋಗುವ ಹಾಗಿಲ್ಲ.

ಕೀರ್ತಿಯನ್ನು ಒಬ್ಬರೇ ಇಟ್ಟುಕೊಳ್ಳುವ ಸ್ವಭಾವ ಅವರದ್ದಾಗಿರಲಿಲ್ಲ ಅನ್ನಿಸುತ್ತೆ. 1925ರಲ್ಲಿ ಬಿ.ಎಸ್. ರಾಮಣ್ಣ ಅವರ ಜೊತೆ ಸೇರಿ ಹೊಸ ಕುಲವೊಂದನ್ನು ವಿವರಿಸಿದಾಗ ಅದಕ್ಕೆ ಬಂದ ಹೆಸರು 'ರಾಮನೆಲ್ಲ'. ಕಪ್ಪೆಗಳ ತಲೆಬುರುಡೆಯ ರಚನೆ ಬಗ್ಗೆ ಹೆಸರು ಮಾಡಿದ ಎಲ್.ಎಸ್. ರಾಮಸ್ವಾಮಿ, ಕಾಲಿಲ್ಲದ ಉಭಯಚರಗಳ ಮೇಲೆ ಕೆಲಸ ಮಾಡಿ ಮುಂದೆ ದಿಲ್ಲಿ ವಿಶ್ವವಿದ್ಯಾಲಯಕ್ಕೆ ಹೋದ ಬಿ.ಆರ್. ಶೇಷಾಚಾರ್, ಇಬ್ಬರೂ ಸೆಂಟ್ರಲ್ ಕಾಲೇಜಿನ ಇದೇ ವಿಭಾಗದಿಂದ ಬಂದವರು.

ನಡುವೆ ಒಂದು ಪತ್ರಿಕೆ

ಇಷ್ಟರ ಮಧ್ಯೆ ರಾವ್ ಇನ್ನೊಂದು ಕೆಲಸ ಹೊತ್ತುಕೊಂಡರು. ನಮ್ಮ ವಿಜ್ಞಾನಿಗಳು ಹೊಸದೇನಾದರೂ ಕಂಡುಕೊಂಡರೆ ತಕ್ಷಣ ಹೇಳಿಕೊಳ್ಳಲು ವಿದೇಶದ ಪತ್ರಿಕೆಗಳ ಬಾಗಿಲು ತಟ್ಟಬೇಕಿತ್ತು. ಅದಕ್ಕೆ ಉತ್ತರವಾಗಿ 1932ರ ಜುಲೈನಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಶುರುವಾಯಿತು. ಮೊದಲ ಸಂಪಾದಕರು ನಾರಾಯಣರಾವ್. ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು 1933ರಲ್ಲಿ, ಅಕಾಡೆಮಿ ಹುಟ್ಟಿದ್ದು 1934ರಲ್ಲಿ. ಬೆಂಗಳೂರಿಗೆ ವಿಜ್ಞಾನದ ಊರು ಎಂಬ ಹೆಸರು ಗಟ್ಟಿಯಾಗುತ್ತಿದ್ದ ದಿನಗಳವು. ಆ ಪತ್ರಿಕೆ ಇವತ್ತಿಗೂ ಬೆಂಗಳೂರಿನಿಂದ ಬರುತ್ತಿದೆ. ಅದರ ವಿಷಯ ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಬಾಟಲಿಯೊಳಗಿನ ಮಾಸ್ಟರ್ ಗೇಜ್

ಒಂದು ಕಪ್ಪೆಯನ್ನು ಹಿಡಿದು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಇಡೋದು ಯಾಕೆ? ಬರೆದಿಟ್ಟರೆ ಸಾಲದೇ?

ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಮಷೀನ್ ಶಾಪಿನಲ್ಲಿ ದಿನಕ್ಕೆ ಸಾವಿರ ಪೀಸ್ ತಯಾರಾಗಬಹುದು. ಆದರೆ ಅಳತೆಯ ಬಗ್ಗೆ ತಕರಾರು ಬಂದಾಗ ಕೊನೆಯ ಮಾತು ಬೀರುವಿನಲ್ಲಿಟ್ಟ ಮಾಸ್ಟರ್ ಗೇಜ್‌ದು. ಜೀವಿಗಳ ಹೆಸರಿಗೂ ಹಾಗೇ ಒಂದು ಮಾಸ್ಟರ್ ಇರುತ್ತೆ. ಹೊಸ ಜಾತಿಗೆ ಹೆಸರಿಡುವಾಗ ಯಾವ ಒಂದು ಕಪ್ಪೆಯನ್ನು ಮುಂದಿಟ್ಟುಕೊಂಡು ವಿವರಿಸಿದರೋ ಆ ಕಪ್ಪೆಯೇ ಆ ಹೆಸರಿಗೆ ಆಧಾರ. ಅದನ್ನು ಮಾದರಿ ಅನ್ನುತ್ತಾರೆ. 50 ವರ್ಷ ಬಿಟ್ಟು ಇನ್ನೊಬ್ಬರಿಗೆ ಇದು ಅದೇನಾ, ಬೇರೇನಾ ಎಂಬ ಅನುಮಾನ ಬಂದರೆ ಮ್ಯೂಸಿಯಂಗೆ ಹೋಗಿ ಆ ಬಾಟಲಿ ತೆಗೆದು ನೋಡಬೇಕು. ಕಾಲಿನ ಉದ್ದ, ಬೆರಳ ತುದಿ, ಜಾಲಪಾದ ಎಲ್ಲಿಯವರೆಗಿದೆ, ಎಲ್ಲ ಅಳೆದು ತಾಳೆ ಹಾಕಬೇಕು.

ಆ ಬಾಟಲಿಯೊಳಗೆ ಇನ್ನೊಂದು ಚೀಟಿ ಇರುತ್ತೆ: ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ಹಿಡಿದರು. ಚೀಟಿ ಇಲ್ಲದ ಕಪ್ಪೆ ಮ್ಯೂಸಿಯಂಗೆ ಹೆಚ್ಚು ಉಪಯೋಗಕ್ಕೆ ಬರೋದಿಲ್ಲ.

ಕಾಣೆಯಾದ ಸಂಗ್ರಹ

ರಾವ್ ಅವರ ಮಾದರಿಗಳಿದ್ದದ್ದು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿ. ಅವರು 1960ರಲ್ಲಿ ತೀರಿಕೊಂಡರು. ಮುಂದಿನ ತಲೆಮಾರಿನ ಸಂಶೋಧಕರು ಆ ಮಾದರಿಗಳನ್ನು ನೋಡಬೇಕೆಂದು ಹೊರಟಾಗ ಅವು ಇರಲಿಲ್ಲ. ಇವತ್ತು ಕಪ್ಪೆಗಳ ಯಾವುದೇ ಪಟ್ಟಿ ತೆಗೆದರೂ ರಾವ್ ಅವರ ಜಾತಿಗಳ ಎದುರು ಸಂಗ್ರಹದ ಹೆಸರಿನ ಜೊತೆಗೆ ಮತ್ತೊಂದು ಮಾತು ಕಾಣುತ್ತೆ: ಕಳೆದುಹೋಗಿದೆ.

ಬ್ಯಾಕಪ್ ಇಲ್ಲದ ಸರ್ವರ್ ಹೋದರೆ ಏನಾಗುತ್ತೆ ಅಂತ ಐಟಿಯವರಿಗೆ ಹೇಳಬೇಕಾಗಿಲ್ಲ. ಇಲ್ಲೂ ಅದೇ ಆಯ್ತು. ಹೆಸರುಗಳು ಪುಸ್ತಕದಲ್ಲಿದ್ದವು, ಹೆಸರಿನ ಆಧಾರ ಇರಲಿಲ್ಲ. ಕೆಲವು ಜಾತಿಗಳನ್ನು ಬೇರೆ ಹಳೆಯ ಜಾತಿಗಳ ಜೊತೆ ಸೇರಿಸಿಬಿಟ್ಟರು. ಕೆಲವನ್ನು ಅನುಮಾನದ ಪಟ್ಟಿಗೆ ಹಾಕಿದರು. ಘಟ್ಟದಲ್ಲಿ ಹೊಸ ಕಪ್ಪೆ ಕಂಡವರಿಗೆ ಇದು ನಿಜಕ್ಕೂ ಹೊಸದೋ, ರಾವ್ ಮೊದಲೇ ಹೆಸರಿಟ್ಟದ್ದೋ ಎಂದು ಹೇಳುವುದೇ ಕಷ್ಟವಾಯಿತು. ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ಅನ್ನುವ ಗಾದೆ ಇದೆಯಲ್ಲ, ಹಾಗೆ. ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರುತ್ತಿತ್ತು.

ಇದರ ಪರಿಣಾಮ ಕಾಗದದ ಮೇಲಷ್ಟೇ ಆಗಲಿಲ್ಲ. ಹೆಸರೇ ಅನುಮಾನದಲ್ಲಿದ್ದರೆ ಆ ಕಪ್ಪೆ ಎಷ್ಟು ಕಡೆ ಇದೆ, ಅಪಾಯದಲ್ಲಿದೆಯಾ ಎಂದು ಯಾರೂ ಹೇಳಲಾರರು. ಅಣೆಕಟ್ಟೋ, ರಸ್ತೆಯೋ ಬರುವಾಗ ಇಂಥದ್ದೊಂದು ಪ್ರಾಣಿ ಇಲ್ಲಿದೆ ಎಂದು ಅದರ ಪರವಾಗಿ ವಾದಿಸಲೂ ಆಗುವುದಿಲ್ಲ.

ಅದೇ ಊರು, ಅದೇ ಹಳ್ಳ

ಮಾದರಿ ಕಳೆದುಹೋದರೆ ಏನು ಮಾಡಬೇಕು ಎನ್ನುವುದಕ್ಕೂ ನಿಯಮ ಇದೆ. ಮೂಲ ವಿವರಣೆಗೆ ಹೊಂದುವ ಪ್ರಾಣಿಯನ್ನು, ಸಾಧ್ಯವಾದಷ್ಟೂ ಮೊದಲು ಸಿಕ್ಕ ಜಾಗದಿಂದಲೇ ತಂದು, ಹೊಸ ಮಾದರಿಯಾಗಿ ನಿಲ್ಲಿಸಬಹುದು. ಆದರೆ ಮೊದಲು ಸಿಕ್ಕಿದ್ದೆಲ್ಲಿ ಅಂತ ಗೊತ್ತಿರಬೇಕಲ್ಲ!

ರಾವ್ ಅವರ ಅಭ್ಯಾಸ ಕೈಹಿಡಿದದ್ದು ಇಲ್ಲೇ. ದಕ್ಷಿಣ ಭಾರತ ಎಂದೋ, ಪಶ್ಚಿಮ ಘಟ್ಟ ಎಂದೋ ಬರೆದು ಕೈತೊಳೆದುಕೊಂಡಿದ್ದರೆ ಕಥೆ ಮುಗಿದಿರುತ್ತಿತ್ತು. ಅವರು ಕೆಂಪುಹೊಳೆ, ಕೊಟ್ಟಿಗೆಹಾರ, ಸಕಲೇಶಪುರ, ಜೋಗ ಎಂದು ಬರೆದಿದ್ದರು. ಎಷ್ಟೋ ಸಲ ಊರನ್ನು ಕಪ್ಪೆಯ ಹೆಸರಿಗೇ ಕಟ್ಟಿಬಿಟ್ಟಿದ್ದರು. ಬಾಟಲಿಯ ಜೊತೆ ಚೀಟಿಯೂ ಹೋಯಿತು, ಆದರೆ ವಿಳಾಸ ಅಚ್ಚಿನಲ್ಲಿ ಉಳಿದಿತ್ತು.

ದಿಲ್ಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಇರುಳುಗಪ್ಪೆಗಳನ್ನೆಲ್ಲ ಹೊಸದಾಗಿ ಪರಿಶೀಲಿಸಿ 2011ರಲ್ಲಿ ದೊಡ್ಡ ಪ್ರಬಂಧ ಪ್ರಕಟಿಸಿದರು. 12 ಹೊಸ ಜಾತಿಗಳ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ಸುದ್ದಿಯಲ್ಲಿ ಮತ್ತೆ ಪತ್ತೆಯಾದ ಮೂರು ಹಳೆಯ ಕಪ್ಪೆಗಳೂ ಇದ್ದವು. ಕೊಡಗಿನ ಪವಿತ್ರ ಜೌಗಿನ ಕಪ್ಪೆ 91 ವರ್ಷಗಳ ನಂತರ ಸಿಕ್ಕಿತ್ತು. ಕೆಂಪುಹೊಳೆಯ ಕಪ್ಪೆ ಮತ್ತು ಕಾಡಿನ ಇರುಳುಗಪ್ಪೆ ಸುಮಾರು 75 ವರ್ಷಗಳ ನಂತರ. ಮೂರಕ್ಕೂ ಮೊದಲು ಹೆಸರಿಟ್ಟವರು ನಾರಾಯಣರಾವ್.

ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಕೇರಳದ ಆನೆಮುಡಿ ಶಿಖರದಲ್ಲಿ ಸಿಕ್ಕ ಕಪ್ಪೆಯೊಂದನ್ನು ವಿವರಿಸುವಾಗ ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಒಂದು ಗುಂಪಿಗೆ ಹೊಸ ಕುಲದ ಹೆಸರು ಕೊಟ್ಟಿದ್ದರು: ರಾವೋರ್ಕೆಸ್ಟಿಸ್. 'ರಾವ್' ಅಂದರೆ ನಮ್ಮ ಮೇಷ್ಟ್ರು. ಉಳಿದರ್ಧ 'ಓರ್ಕೆಸ್ಟಿಸ್', ಗ್ರೀಕಿನಲ್ಲಿ ಕುಣಿಯುವವನು. ಆ ಪ್ರಬಂಧ ಪ್ರಕಟವಾದದ್ದು ಬೇರೆಲ್ಲೂ ಅಲ್ಲ, ರಾವ್ ಮೊದಲ ಸಂಪಾದಕರಾಗಿದ್ದ ಅದೇ 'ಕರೆಂಟ್ ಸೈನ್ಸ್'ನಲ್ಲಿ.

ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗೆ ಹೋದಾಗ ರಾತ್ರಿ ಕಾಫಿ ಗಿಡಗಳ ಮಧ್ಯದಿಂದ 'ಟಿಂಕ್ ಟಿಂಕ್' ಅಂತ ಸದ್ದು ಕೇಳಿದ್ದೀರಾ? ಹುಳ ಅಂದುಕೊಂಡು ಮಲಗಿರುತ್ತೀರಿ. ಬಹಳಷ್ಟು ಸಲ ಅದು ಹೆಬ್ಬೆರಳಿನಷ್ಟೂ ಇಲ್ಲದ ರಾವೋರ್ಕೆಸ್ಟಿಸ್. ಇವಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರ ಪುಟಾಣಿ ಕಪ್ಪೆಯೇ ಹೊರಗೆ ಬರುತ್ತೆ. ಗೊದಮೊಟ್ಟೆ ಅಧ್ಯಯನ ಮಾಡಿದವರ ಹೆಸರು ಗೊದಮೊಟ್ಟೆಯೇ ಇಲ್ಲದ ಕಪ್ಪೆಗಳಿಗೆ!

ರಾಜಾನುಕುಂಟೆಯ ಕಪ್ಪೆ

ಇದೆಲ್ಲ ಘಟ್ಟದ ಕಥೆ, ನಮ್ಮ ಕಡೆ ಏನಿದೆ ಅಂತೀರಾ? 2020ರಲ್ಲಿ ಬೆಂಗಳೂರಿನ ಹೆಸರಲ್ಲೇ ಒಂದು ಹೊಸ ಕಪ್ಪೆ ಬಂತು: ಸ್ಫೇರೋಥೀಕಾ ಬೆಂಗಳೂರು. ಮೌಂಟ್ ಕಾರ್ಮೆಲ್ ಕಾಲೇಜು, ಪ್ರಾಣಿ ಸರ್ವೇಕ್ಷಣಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಪ್ಯಾರಿಸ್ಸಿನ ಮ್ಯೂಸಿಯಂನವರು ಸೇರಿ ಮಾಡಿದ ಕೆಲಸ. ಸಿಕ್ಕಿದ್ದು ಯಲಹಂಕ ದಾಟಿದರೆ ಬರುವ ರಾಜಾನುಕುಂಟೆಯಲ್ಲಿ. ಇದು ಬಿಲಗಪ್ಪೆ. ಹಿಂಗಾಲಿನ ಸನಿಕೆಯಂಥ ಗಂಟಿನಿಂದ ಮಣ್ಣು ತೋಡುತ್ತ ಹಿಮ್ಮುಖವಾಗಿ ನೆಲಕ್ಕೆ ಇಳಿಯುತ್ತೆ. ವರ್ಷದ ಹೆಚ್ಚು ಕಾಲ ಮಣ್ಣೊಳಗೇ ಇದ್ದು, ಮಳೆ ಬಿದ್ದಾಗ ಮೇಲೆ ಬಂದು, ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತೆ.

ಯೋಚನೆ ಮಾಡಿ. ಕೋಟಿಗೂ ಹೆಚ್ಚು ಜನ ಇರುವ ಊರು, ಸುತ್ತ ಲೇಔಟು, ಗೋಡೌನು, ಕಾರ್ಖಾನೆ. ಅದರ ಅಂಚಿನ ಬರಡು ನೆಲದಲ್ಲಿ ವಿಜ್ಞಾನಕ್ಕೇ ಗೊತ್ತಿಲ್ಲದ ಪ್ರಾಣಿಯೊಂದು ಅಷ್ಟು ದಿನವೂ ಇತ್ತು. ನಾವು ವೇಸ್ಟ್ ಲ್ಯಾಂಡ್ ಅನ್ನುವ ಜಾಗ ಅದರ ಮನೆ.

ಬೆಂಗಳೂರಿನ ಹೊರವಲಯದ ಊರುಗಳ ಹೆಸರನ್ನೇ ಗಮನಿಸಿ. ಕುಂಟೆ, ಕೆರೆ, ಕಟ್ಟೆ, ಹಳ್ಳ ಎಷ್ಟೊಂದು ಹೆಸರುಗಳ ಬಾಲದಲ್ಲಿವೆ. ಅವೆಲ್ಲ ನೀರಿನ ವಿಳಾಸಗಳು. ಮಳೆಗೆ ಹಳದಿ ಬಣ್ಣ ತಿರುಗುವ ಗೂಳಿಗಪ್ಪೆ, ಬಾತ್‌ರೂಮಿನ ಗೋಡೆ ಹತ್ತುವ ಮರಗಪ್ಪೆ, ಬೀದಿದೀಪದ ಕೆಳಗೆ ಹುಳಕ್ಕೆ ಕಾಯುವ ಗೋಂಕರು ಕಪ್ಪೆ, ಎಲ್ಲವೂ ಆ ವಿಳಾಸಕ್ಕೇ ಸೇರಿದವು. ರಾವ್ ಅವರ ಕಥೆಯಲ್ಲಿ ಬಾಟಲಿ ಹೋಯಿತು, ಕೆಂಪುಹೊಳೆ ಉಳಿದಿತ್ತು. ಅದಕ್ಕೇ ಕಪ್ಪೆಯನ್ನು ಮತ್ತೆ ಹುಡುಕಲು ಆಯಿತು. ನಮ್ಮ ಕಡೆ ಹೋಗುತ್ತಿರುವುದು ಹೊಳೆಯೇ. ಕುಂಟೆಗೆ ಮಣ್ಣು ಹಾಕಿ ಮೇಲೆ ಕಾಂಕ್ರೀಟ್ ಸುರಿದ ಮೇಲೆ ಮ್ಯೂಸಿಯಂನಲ್ಲಿ ಎಷ್ಟೇ ಭದ್ರವಾಗಿ ಬಾಟಲಿ ಇಟ್ಟರೂ ಆ ಕಪ್ಪೆಯನ್ನು ಮತ್ತೆ ಹುಡುಕಲು ಹೋಗುವುದಾದರೂ ಎಲ್ಲಿಗೆ?

ನೀವೂ ಒಂದು ಚೀಟಿ ಬರೆಯಿರಿ

ಕಪ್ಪೆ ಹಿಡಿಯುವುದು ಬೇಡ, ಸ್ಪಿರಿಟ್ಟೂ ಬೇಡ. ಜೇಬಿನಲ್ಲಿರುವ ಫೋನ್ ಸಾಕು.

* ಮಳೆ ಬಿದ್ದ ರಾತ್ರಿ ಕಪ್ಪೆ ಕೂಗಿದರೆ ಅರ್ಧ ನಿಮಿಷ ಆಡಿಯೋ ರೆಕಾರ್ಡ್ ಮಾಡಿ. ಒಂದೊಂದು ಜಾತಿಯ ಕೂಗೂ ಬೇರೆ. ಗುರುತಿಸಲು ಫೋಟೋಗಿಂತ ಎಷ್ಟೋ ಸಲ ಅದೇ ಉಪಯೋಗ.
* ಫೋಟೋ ತೆಗೆಯುವುದಾದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬೆರಳು ಕಾಣುವ ಹಾಗೆ ಒಂದು. ಮುಟ್ಟಬೇಡಿ; ಅವು ಚರ್ಮದಿಂದಲೂ ಉಸಿರಾಡುತ್ತವೆ, ನಮ್ಮ ಕೈಯ ಸ್ಯಾನಿಟೈಸರ್, ಸೊಳ್ಳೆ ಕ್ರೀಮು ಅವಕ್ಕೆ ಒಳ್ಳೆಯದಲ್ಲ.
* ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಗೊತ್ತಿದ್ದವರು ಹೇಳುತ್ತಾರೆ. ದಿನಾಂಕ ಮತ್ತು ಜಾಗ ಮಾತ್ರ ಸರಿಯಾಗಿರಲಿ. ಬರೀ ಬೆಂಗಳೂರು ಅಂತ ಬಿಡಬೇಡಿ. ಯಾವ ಕೆರೆ, ಕೆರೆಯ ಯಾವ ದಂಡೆ, ಅದನ್ನು ಬರೆಯಿರಿ.
* ಒಬ್ಬರೇ ಹೋಗಬೇಡಿ. ಟಾರ್ಚ್, ಗಟ್ಟಿ ಶೂ ಇರಲಿ. ಕಪ್ಪೆ ಇರುವಲ್ಲಿ ಹಾವೂ ಬರುತ್ತೆ.
* ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಪಕ್ಕದ ಕುಂಟೆಯ ವಿಷಯ ಬಂದರೆ ಈ ದಾಖಲೆ ತೋರಿಸಿ. ಇಲ್ಲಿ ಏನೂ ಇಲ್ಲ ಎನ್ನುವವರಿಗೆ ಉತ್ತರ ಕೊಡಲು ತಾರೀಖು ಸಮೇತ ಒಂದು ಪಟ್ಟಿ ಇದ್ದರೆ ಮಾತಿಗೆ ತೂಕ ಬರುತ್ತೆ.

ನಾರಾಯಣರಾವ್ ಮಾಡಿದ್ದೂ ಮೂಲದಲ್ಲಿ ಇಷ್ಟೇ: ಕಂಡದ್ದನ್ನು ಕಂಡ ಊರಿನ ಹೆಸರಿನ ಜೊತೆ ಬರೆದಿಟ್ಟರು. ನಿಮ್ಮ ಆಫೀಸಿನ ಹಿಂದೆ, ನಿಮ್ಮ ಪಿಜಿ ಪಕ್ಕದಲ್ಲಿ ಈ ಮಳೆಗಾಲ ಯಾರು ಕೂಗುತ್ತಿದ್ದಾರೆ? ಕೇಳಿಸಿಕೊಂಡು, ಜಾಗದ ಹೆಸರಿನ ಸಮೇತ ನಮ್ಮ ಓದುಗರ ಅಂಕಣಕ್ಕೂ ನಾಲ್ಕು ಸಾಲು ಬರೆದು ಕಳಿಸಿ.